ಖಾಕಿ ತೆಗೆದರೆ ಮಾತು, ಖಾಕಿ ಹಾಕಿದರೂ ಮಾತು!

ನಮಸ್ಕಾರ. ನಿನ್ನೆ ಪಕ್ಕದ ಮನೆಯಿಂದ ಒಂದು ಕೂಗು ಕೇಳಿಸಿತು. "ಊಟ ಮಾಡ್ತೀಯೋ, ಪೊಲೀಸ್ ಮಾಮನ್ನ ಕರೀಲೋ?" ನಮ್ಮ ಹಳೇ ಗುಮ್ಮ ರಿಟೈರ್ ಆಗಿದ್ದಾನೆ. ಆ ಜಾಗಕ್ಕೆ ಪೊಲೀಸರಿಗೆ ಪೋಸ್ಟಿಂಗ್ ಆಗಿದೆ!

ಹೀಗಿರುವಾಗ ಪೊಲೀಸರು ಶಾಲೆಗೆ ಹೋಗಿ ಮಕ್ಕಳ ಜೊತೆ ಕೂತರೆ ಆ ಪೊಲೀಸರಿಗೆ ಸಿಗುವುದಾದರೂ ಏನು?

ಠಾಣೆಗೆ ಯಾರೂ ಸುಮ್ನೆ ಬರುವುದಿಲ್ಲ. ಕಳೆದುಕೊಂಡವರು ಬರುತ್ತಾರೆ, ಕದ್ದವರನ್ನು ತರುತ್ತಾರೆ. ಜನರ ಕೆಟ್ಟ ದಿನಗಳನ್ನು ನೋಡುವುದೇ ಅವರ ಡ್ಯೂಟಿ. ದೂರು ಇಲ್ಲದೆ ಮಾತಾಡಲು ಸಿಗುವವರು ಶಾಲೆಯ ಮಕ್ಕಳು. ನಮ್ಮ ರಾಜ್ಯದ 'ತೆರೆದ ಮನೆ' ಕಾರ್ಯಕ್ರಮದಲ್ಲಿ ಮಕ್ಕಳೇ ಠಾಣೆಗೆ ಬರುತ್ತಾರೆ. ಲಾಕಪ್ ಇಣುಕುತ್ತಾರೆ, ಎಫ್‌ಐಆರ್ ಅಂದರೆ ಏನು ಅಂತ ಕೇಳುತ್ತಾರೆ. "ಹೆಲ್ಮೆಟ್ ಹಾಕದ ಪೊಲೀಸರಿಗೆ ಫೈನ್ ಹಾಕೋದು ಯಾರು ಸಾರ್?" ಅಂತ ಒಬ್ಬ ಕೇಳಿಬಿಟ್ಟರೆ ಮಾತ್ರ ಇನ್ಸ್‌ಪೆಕ್ಟರ್ ಟೀ ತರಿಸಬೇಕಾಗುತ್ತದೆ.

ಈಗ ನನ್ನ ತಲೆಯಲ್ಲಿ ಎರಡು ದಿನದಿಂದ ಕೂತಿರುವ ವಿಷಯಕ್ಕೆ ಬರೋಣ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 24ನೇ ಸೆಕ್ಷನ್. ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೇಳಿಕೆ ಬರೆದುಕೊಳ್ಳುವಾಗ ಪೊಲೀಸ್ ಅಧಿಕಾರಿ ಯೂನಿಫಾರಂನಲ್ಲಿ ಇರಕೂಡದು! ಆ ಹೇಳಿಕೆಯನ್ನು ಮಗುವಿನ ಮನೆಯಲ್ಲೋ, ಮಗು ಬಯಸಿದ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಡಾಕ್ಟರ ಬಿಳಿ ಕೋಟು ಕಂಡರೆ ಕೆಲವರಿಗೆ ಬಿಪಿ ಏರುತ್ತದಲ್ವಾ? ಖಾಕಿ ಕಂಡರೆ ಮಗುವಿನ ಬಾಯಿ ಕಟ್ಟುತ್ತದೆ. ಇದನ್ನು ನಾನು ಹೇಳುತ್ತಿಲ್ಲ, ಕಾನೂನೇ ಒಪ್ಪಿಕೊಂಡಿದೆ.

ಇನ್ನು ಇದರ ಉಲ್ಟಾ ನೋಡಿ. 2010ರಲ್ಲಿ ಕೇರಳದಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಅನ್ನುವ ಶಾಲಾ ಯೋಜನೆ ಶುರುವಾಯಿತು. ಅಲ್ಲಿ ಖಾಕಿ ತೊಡುವುದು ಹೈಸ್ಕೂಲಿನ ಮಕ್ಕಳೇ! ಪೊಲೀಸರು ಪರೇಡ್ ಕಲಿಸುತ್ತಾರೆ, ಟ್ರಾಫಿಕ್ ನಿಯಮ ಹೇಳಿಕೊಡುತ್ತಾರೆ. 2018ರಲ್ಲಿ ಇದು ದೇಶಕ್ಕೆಲ್ಲ ಬಂತು, ನಮ್ಮಲ್ಲೂ ಇದೆ. ತಾನೇ ಇಸ್ತ್ರಿ ಮಾಡಿ ಹಾಕಿಕೊಂಡ ಬಟ್ಟೆಗೆ ಯಾರಾದರೂ ಹೆದರುತ್ತಾರಾ?

ನನ್ನ ಲೆಕ್ಕದಲ್ಲಿ ಪೊಲೀಸರಿಗೆ ಸಿಗುವ ಸಂಬಳ ಇದೇ. ಪರೇಡ್ ಮುಗಿದ ಮೇಲೆ ಒಬ್ಬಳು ಹಿಂದೆ ಉಳಿಯುತ್ತಾಳೆ. "ಸಾರ್, ಒಂದು ವಿಷಯ ಹೇಳ್ಬೇಕಿತ್ತು" ಅನ್ನುತ್ತಾಳೆ. ದಾರಿಯಲ್ಲಿ ಹಿಂಬಾಲಿಸುವವನ ಬಗ್ಗೆ ಇರಬಹುದು, ನಿಂತುಹೋಗಲಿರುವ ಓದಿನ ಬಗ್ಗೆ ಇರಬಹುದು. ಮನೆಯಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತಾಳೆ. ಕಳ್ಳನನ್ನು ಹಿಡಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಇದು ಯಾರಿಗೂ ಕಾಣಿಸುವುದಿಲ್ಲ.

ಟೈಮ್ ಆಯಿತು, ಉಳಿದದ್ದು ಬೇಗ ಬೇಗ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಕ್ಕಳ ಸಹಾಯವಾಣಿ 1098. ಸುಮ್ನೆ ಭಾಷಣ ಮಾಡಿದರೆ ಮಾತ್ರ ಉಪಯೋಗ ಕಡಿಮೆ. ಅಮೆರಿಕದಲ್ಲಿ 1983ರಿಂದ ಪೊಲೀಸರು ಕ್ಲಾಸಿಗೆ ಹೋಗಿ ಡ್ರಗ್ಸ್ ಬೇಡ ಅಂತ ಪಾಠ ಮಾಡಿದರು. ಅದರಿಂದ ಡ್ರಗ್ಸ್ ಅಷ್ಟೇನೂ ಕಡಿಮೆಯಾಗಲಿಲ್ಲ ಅಂತ ಆಮೇಲಿನ ಅಧ್ಯಯನಗಳು ಹೇಳಿದವು.

ನಿಮ್ಮನ್ನು ಶಾಲೆಯಿಂದ ಠಾಣೆ ತೋರಿಸಲು ಕರೆದುಕೊಂಡು ಹೋಗಿದ್ದರಾ? ನಮ್ಮನ್ನು ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಿದ್ದರು, ಅಷ್ಟೇ.