ನಂಜನಗೂಡು ಲೈನಿನ ನಕ್ಷೆ: ಸ್ಟೇಷನ್‌ಗಿಂತ ಅಂಡರ್‌ಪಾಸ್ ಮುಖ್ಯ

ಈ ಶಾಟ್‌ನಲ್ಲಿ ಗಾಳಿ ಸದ್ದು ಜಾಸ್ತಿ, ಅದಕ್ಕೇ ಮನೆಗೆ ಬಂದು ಮಾತು ಸೇರಿಸುತ್ತಿದ್ದೇನೆ. ರೈಲಿನ ಕಿಟಕಿಯಾಚೆ ಕಾಣುವುದು ಅಶೋಕಪುರಂ. ಚಾಮರಾಜಪುರಂ ಆಗಲೇ ದಾಟಿತು. ಇಲ್ಲಿಂದ ಮುಂದೆ ಹೊಲ, ತೆಂಗು, ಬಾಳೆ. ಮೈಸೂರಿನಿಂದ ನಂಜನಗೂಡಿನ ಮೇಲೆ ಚಾಮರಾಜನಗರಕ್ಕೆ ಒಟ್ಟು 61 ಕಿಲೋಮೀಟರ್. ಅಷ್ಟನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಯಲ್ಲಿ, ಸರಿಯಾಗಿ ಕೂರಿಸಬೇಕು, ಅದೇ ಕೆಲಸ. ಸ್ಟೇಷನ್, ಹಾಲ್ಟ್, ಸೇತುವೆ, ಮೋರಿ, ಗೇಟು, ಎಲ್ಲ.

ಸುರಂಗ ಎಲ್ಲಿ ಅಂತ ಕೇಳುತ್ತೀರಿ, ಗೊತ್ತು. ಈ ಲೈನಿನಲ್ಲಿ ಸುರಂಗ ಇಲ್ಲ. ಅದು ಬೇಕಿದ್ದರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಗೆ ಹೋಗಿ, ಅಲ್ಲಿ 57 ಸುರಂಗ ಇವೆ, 50 ಮೀಟರ್‌ಗೆ 1 ಮೀಟರ್ ಏರು. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಘಾಟಿಯನ್ನು ಶೂಟ್ ಮಾಡುವವರಿಗೆ ಕೊರತೆಯೇ ಇಲ್ಲ. ನಮ್ಮ ಸಮತಟ್ಟಾದ ಲೈನನ್ನು ಯಾರು ನೋಡುತ್ತಾರೆ?

ಇದು ಕಡಕೊಳ. ಬೋರ್ಡ್ ನೋಡಿ. ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತಾರಲ್ಲ, ಅದನ್ನೂ ಸೇರಿಸುತ್ತೇನೆ. ಹಳಿ ಮೇಲೆ ಮಾತ್ರ ಇಳಿದು ನಡೆಯುವುದಿಲ್ಲ, ಅದು ಕಾನೂನಿಗೆ ವಿರುದ್ಧ. ಕಿಟಕಿಯಿಂದ ವಿಡಿಯೋ, ಜೇಬಿನಲ್ಲಿ ಜಿಪಿಎಸ್, ಹಳಿ ಪಕ್ಕದ ಕಿಲೋಮೀಟರ್ ಕಲ್ಲು. ಇಷ್ಟೇ ಸಾಕು. ಬೇರೆ ನಕ್ಷೆ ನೋಡಿ ನಕಲು ಮಾಡುವವರ ಮೇಲೆ ನನಗೆ ನಿಜವಾಗಲೂ ಕೋಪ ಬರುತ್ತೆ. ಅದು ಕದ್ದ ಮಾಲು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಮೋರಿಗಳೂ ಬಿಡಬಾರದು. ಎಷ್ಟೇ ಚಿಕ್ಕದಾದರೂ ರೈಲ್ವೆಯವರು ಪ್ರತಿ ಸೇತುವೆಗೆ ಒಂದು ನಂಬರ್ ಕೊಟ್ಟಿರುತ್ತಾರೆ, ಕಟ್ಟೆ ಮೇಲೆ ಬಣ್ಣದಲ್ಲಿ ಬರೆದಿರುತ್ತೆ. ಪಕ್ಕದಲ್ಲಿ ಒಂದು ಬಾಣ, ನೀರು ಯಾವ ಕಡೆ ಹರಿಯುತ್ತೆ ಅಂತ ತೋರಿಸಲು. ನನಗೆ ಈ ಬಾಣ ಬಹಳ ಇಷ್ಟ.

ತಾಂಡವಪುರ ಆಯಿತು, ಸುಜಾತಪುರಂ ಆಯಿತು. ಈಗ ಕಪಿಲೆ ಹೊಳೆ. ನೋಡಿ, ನೋಡಿ, ಆ ಕಲ್ಲಿನ ಕಮಾನುಗಳು! 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆ. ಆಗ ರೈಲು ಅನ್ನುವುದೇ ಇರಲಿಲ್ಲ ಅಲ್ವಾ? 1891ರಲ್ಲಿ ನಂಜನಗೂಡಿಗೆ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿ, ಬಂದಾಗ ಅದು ಇದೇ ಕಲ್ಲಿನ ಮೇಲೆ ಹೋಯಿತು. ಆ ಸೇತುವೆ ರಸ್ತೆಯನ್ನೂ ಹೊತ್ತಿತು, ರೈಲನ್ನೂ ಹೊತ್ತಿತು. ಬ್ರಾಡ್ ಗೇಜ್, ಅಂದರೆ ಇನ್ನೂ ಅಗಲದ ಹಳಿ, ಆದ ಮೇಲೆ ರೈಲಿಗೆ ಬೇರೆ ಸೇತುವೆ ಕಟ್ಟಿದರು. ಹಳೆಯದನ್ನು ನಕ್ಷೆಯಿಂದ ಅಳಿಸಬಾರದು, 'ಬಿಟ್ಟ ಹಳಿ' ಅಂತ ಗುರುತು ಹಾಕಬೇಕು. ಈ ಪ್ರಯಾಣದಲ್ಲಿ ಇದಕ್ಕಿಂತ ದೊಡ್ಡದು ಇನ್ನೇನಿದೆ ಅಂತ ಆಗ ಅನಿಸಿತ್ತು.

ಆದರೆ ಮುಂದಿನ ಶಾಟ್ ನೋಡಿ. ಇದು ಮರುದಿನ, ನಂಜನಗೂಡು ದಾಟಿ ಸ್ಕೂಟರ್‌ನಲ್ಲಿ. ಹಿಂದಿನ ರಾತ್ರಿ ಜೋರು ಮಳೆ. ನಕ್ಷೆ ನಮ್ಮನ್ನು ಒಂದು ರೈಲ್ವೆ ಗೇಟಿಗೆ ಕರೆದುಕೊಂಡು ಬಂತು, ಬಂದು ನೋಡಿದರೆ ಗೇಟೇ ಇಲ್ಲ, ಮಣ್ಣು ಹಾಕಿ ಮುಚ್ಚಿದ್ದಾರೆ, ಪಕ್ಕದಲ್ಲಿ ಒಂದು ಅಂಡರ್‌ಪಾಸ್, ಅದರ ತುಂಬ ಕೆಂಪು ನೀರು. ಎಷ್ಟು ಆಳ ಅಂತ ತಿಳಿಯುವುದಿಲ್ಲ. ಈ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕು ನಿಂತಿದೆ. ಆ ಕಡೆ ಸ್ಕೂಲ್ ಬ್ಯಾಗ್ ತಲೆ ಮೇಲೆ ಇಟ್ಟುಕೊಂಡ ಮಕ್ಕಳು.

ಟವಲ್ ಹೆಗಲಿಗೆ ಹಾಕಿಕೊಂಡ ಒಬ್ಬ ಯಜಮಾನರು ಹೇಳಿದ್ದು ಹೀಗೆ: "ಗೇಟ್ ಇದ್ದಾಗ ಕಾಯ್ತಿದ್ವಿ ಅಷ್ಟೇಯ ಕನಪ್ಪ. ರೈಲು ಹೋದ್ಮೇಲೆ ದಾಟ್ತಿದ್ವಿ. ಈಗ ನೀರು ಇಂಗೋಗಂಟ ಕಾಯ್ಬೇಕು." ಕಬ್ಬಿನ ಟ್ರ್ಯಾಕ್ಟರ್ ಒಣಗಿದ್ದಾಗಲೂ ಹೋಗುವುದಿಲ್ಲವಂತೆ, ಲೋಡು ಮೇಲಿನ ಕಾಂಕ್ರೀಟಿಗೆ ತಾಗುತ್ತೆ. ಸುತ್ತಿಕೊಂಡು ಹೋಗಲು ಡೀಸೆಲ್ ಖರ್ಚು ಯಾರು ಕೊಡುತ್ತಾರೆ?

ಕಾವಲಿಲ್ಲದ ಗೇಟುಗಳಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಬ್ರಾಡ್ ಗೇಜ್ ಲೈನುಗಳಲ್ಲಿ ಅಂಥ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ದೇಶದಲ್ಲೆಲ್ಲ ತೆಗೆದುಹಾಕಿದರು. ಅದು ಒಳ್ಳೆಯ ಕೆಲಸ, ಅನುಮಾನವೇ ಬೇಡ. ಆದರೆ ಗುಂಡಿ ತೋಡಿ ಮೇಲೆ ಹಳಿ ಇಟ್ಟು, ನೀರು ಹೊರಗೆ ಹೋಗಲು ದಾರಿ ಮಾಡದಿದ್ದರೆ ಅದು ರಸ್ತೆ ಅಲ್ಲ, ಕೆರೆ. ಮೋರಿ ಮೇಲೆ ನೀರಿನ ಬಾಣ ಬರೆಯುವ ಜಾಣತನ ಇರುವಾಗ ಇಲ್ಲಿ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾಕೆ ಯೋಚಿಸಲಿಲ್ಲ?

ನನ್ನ ಸ್ನೇಹಿತ ಸ್ಕೂಟರ್ ತಿರುಗಿಸು ಅಂದ. ನಾನು ಬಿಡಲಿಲ್ಲ. ಅಲ್ಲೇ ಕೂತು ಗೇಟಿನ ಗುರುತು ತೆಗೆದೆ. ರಸ್ತೆ ಹಳಿಯ ಕೆಳಗೆ ಹೋಗುತ್ತೆ ಅಂತ ಲೇಯರ್ ಹಾಕಿದೆ, ಇಲ್ಲದಿದ್ದರೆ ರಸ್ತೆ ಮತ್ತು ಹಳಿ ಅಲ್ಲೇ ಕೂಡುತ್ತವೆ ಅಂತ ನಕ್ಷೆ ತಿಳಿಯುತ್ತೆ. ಎತ್ತರದ ಮಿತಿ ಹಾಕಿದೆ, ಬೋರ್ಡಿನಲ್ಲಿ ಬರೆದಿತ್ತು. ಕೊನೆಗೆ 'ಫ್ಲಡ್ ಪ್ರೋನ್', ಅಂದರೆ ಮಳೆಗೆ ನೀರು ನಿಲ್ಲುತ್ತೆ ಅಂತ. ಇನ್ನು ಮುಂದೆ ಆಂಬ್ಯುಲೆನ್ಸ್ ಡ್ರೈವರ್ ಈ ನಕ್ಷೆ ನೋಡಿದರೆ ಇಲ್ಲಿಗೆ ಬರುವ ಮೊದಲೇ ಬೇರೆ ದಾರಿ ಹಿಡಿಯಬಹುದು.

ಹಾಗಾಗಿ ಸೇತುವೆ ಮೊದಲು ಅನ್ನುತ್ತಿದ್ದ ನಾನು ಈಗ ಅಂಡರ್‌ಪಾಸ್ ಮೊದಲು ಅನ್ನುತ್ತೇನೆ. ರೈಲಿನಲ್ಲಿ ಕೂತವರಿಗೆ ಹಳಿ ಉದ್ದಕ್ಕೆ ಕಾಣುತ್ತೆ. ಪಕ್ಕದ ಊರಿನವರು ಅದನ್ನು ದಿನಾ ಅಡ್ಡ ದಾಟಬೇಕು.

ಇದು ಕವಲಂದೆ ಕಡೆ. 1926ರಲ್ಲಿ ಚಾಮರಾಜನಗರದವರೆಗೆ ಬೆಳೆದ ಭಾಗ. ಬೆಳಕು ಹೋಗುತ್ತಿದೆ, ಕ್ಲಿಪ್ ಇಲ್ಲಿಗೆ ಮುಗಿಯುತ್ತೆ. ಕವಲಂದೆ, ಬದನಗುಪ್ಪೆ, ಮರಿಯಾಲದವರು ಯಾರಾದರೂ ನೋಡುತ್ತಿದ್ದರೆ, ನಿಮ್ಮೂರಿನ ಅಂಡರ್‌ಪಾಸ್‌ನ ಎತ್ತರದ ಬೋರ್ಡು ಕಾಣುವ ಹಾಗೆ ಒಂದು ಫೋಟೋ ಕಳಿಸಿ, ಮಳೆ ಬಂದ ದಿನದ್ದಾದರೆ ಇನ್ನೂ ಒಳ್ಳೆಯದು.