ಮೊಬೈಲು, ಮನಸ್ಸು ಮತ್ತು ಆಲೂಗಡ್ಡೆ

[ಆರಂಭದ ದೃಶ್ಯ: ಗಾಂಧಿ ಬಜಾರಿನ ತರಕಾರಿ ಅಂಗಡಿಯ ಮುಂದೆ ನಿರೂಪಕ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಆಲೂಗಡ್ಡೆ.]

ನಮಸ್ಕಾರ. ಹನುಮಂತನಗರದ ವೀಕ್ಷಕಿಯೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದರು. ಅವರ ಮಗಳು ಮೊದಲ ಪಿಯುಸಿಯಲ್ಲಿ ಓದುತ್ತಿದ್ದಾಳೆ, ದಿನಕ್ಕೆ ನಾಲ್ಕು ಗಂಟೆ ಮೊಬೈಲು ಹಿಡಿದಿರುತ್ತಾಳೆ, ಇತ್ತೀಚೆಗೆ ಮನೆಯಲ್ಲಿ ಮಾತು ಕಡಿಮೆಯಾಗಿದೆ. "ಎಷ್ಟು ಗಂಟೆ ದಾಟಿದರೆ ಮನಸ್ಸು ಕೆಡುತ್ತದೆ ಎಂಬ ಒಂದು ಸಂಖ್ಯೆ ಹೇಳಿಬಿಡಿ, ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೇನೆ" ಎಂದು ಅವರು ಕೇಳಿದ್ದರು. ಪ್ರಶ್ನೆ ಸರಳವಾಗಿತ್ತು, ಉತ್ತರವೂ ಸರಳವಾಗಿಯೇ ಇರುತ್ತದೆ ಎಂದು ನಂಬಿ ಹುಡುಕಲು ಹೊರಟ ನಾನು ಮೂರು ವಾರಗಳ ನಂತರ ಈ ಆಲೂಗಡ್ಡೆಯ ಮುಂದೆ ಬಂದು ನಿಂತಿದ್ದೇನೆ.

ಮೂಲ ಸಂಗತಿಗಳು ನಿಮಗೆ ಗೊತ್ತೇ ಇವೆ, ಆದ್ದರಿಂದ ಓಡುತ್ತಲೇ ಹೇಳುತ್ತೇನೆ. ಎಷ್ಟು ಸರಿಸಿದರೂ ಮುಗಿಯದ ಪುಟವನ್ನು ವಿನ್ಯಾಸಕ ಏಜಾ ರಾಸ್ಕಿನ್ 2006ರಲ್ಲಿ ರೂಪಿಸಿದರು, 2007ರಲ್ಲಿ ಐಫೋನ್ ಬಂದಿತು, 2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದಿತು. ಕಾಳು ಯಾವಾಗ ಬೀಳುತ್ತದೆ ಎಂದು ಮೊದಲೇ ತಿಳಿಯದಿದ್ದಾಗ ಪಾರಿವಾಳವು ಗುಂಡಿಯನ್ನು ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇವೆಲ್ಲಕ್ಕೂ ಅರ್ಧ ಶತಮಾನದಷ್ಟು ಹಿಂದೆಯೇ ತೋರಿಸಿದ್ದರು. ಮುಂದಿನ ರೀಲು ಚೆನ್ನಾಗಿರಬಹುದು ಎಂದು ನಮ್ಮ ಹೆಬ್ಬೆರಳು ಮಾಡುವ ಕೆಲಸವೂ ಹೆಚ್ಚು ಕಡಿಮೆ ಅದೇ. ಮಿದುಳಿನ ರಾಸಾಯನಿಕವಾದ ಡೋಪಮೈನ್ ಎಂಬ ಪದವನ್ನು ಈ ವಿಡಿಯೋದಲ್ಲಿ ಇದೊಂದೇ ಸಲ ಉಚ್ಚರಿಸುತ್ತಿದ್ದೇನೆ. ಆ ಪದವನ್ನು ನಂಬಿಕೊಂಡೇ ಬದುಕುವ ವಿಡಿಯೋಗಳು ಬೇಕಾದಷ್ಟಿವೆ.

[ಪರದೆಯ ಮೇಲೆ: 3,55,358]

ಈಗ ವಿಷಯಕ್ಕೆ ಬರೋಣ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಎಂಬ ಇಬ್ಬರು ಸಂಶೋಧಕರು ಅಮೆರಿಕ ಮತ್ತು ಬ್ರಿಟನ್ನಿನ ಮೂರು ದೊಡ್ಡ ಸಮೀಕ್ಷೆಗಳಿಂದ 3,55,358 ಹದಿಹರೆಯದವರ ಉತ್ತರಗಳನ್ನು ಒಟ್ಟುಗೂಡಿಸಿ, 2019ರಲ್ಲಿ ಒಂದು ಲೇಖನ ಪ್ರಕಟಿಸಿದರು. ಡಿಜಿಟಲ್ ಬಳಕೆ ಹೆಚ್ಚಿದ್ದವರಲ್ಲಿ ಯೋಗಕ್ಷೇಮ ಕಡಿಮೆ ಇತ್ತೇ? ಇತ್ತು. ಆದರೆ ಎಷ್ಟು ಕಡಿಮೆ? ಒಬ್ಬ ಹುಡುಗಿ ಗೆಲುವಾಗಿದ್ದಾಳೆ, ಇನ್ನೊಬ್ಬಳು ಮಂಕಾಗಿದ್ದಾಳೆ ಎಂಬ ಈ ಎಲ್ಲ ವ್ಯತ್ಯಾಸಗಳ ಒಟ್ಟು ಲೆಕ್ಕವನ್ನು ನೂರು ರೂಪಾಯಿ ಎಂದುಕೊಂಡರೆ, ಅದರಲ್ಲಿ ತಂತ್ರಜ್ಞಾನದ ಬಳಕೆಯ ಜೊತೆಗೆ ನಂಟು ಕಾಣಿಸಿದ ಪಾಲು ಹೆಚ್ಚೆಂದರೆ ನಲವತ್ತು ಪೈಸೆ. ಚಿಲ್ಲರೆ ಇಲ್ಲವೆಂದು ಅಂಗಡಿಯವರು ಕೈಗೆ ತುರುಕುವ ಚಾಕಲೇಟಿಗೂ ಸಾಲದ ಮೊತ್ತವಿದು.

ಹಾಗೆಂದು ಬರೆದು ಸುಮ್ಮನಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಅವರು ಅದೇ ಸಮೀಕ್ಷೆಗಳಲ್ಲಿದ್ದ ಬೇರೆ ಪ್ರಶ್ನೆಗಳನ್ನೂ ಪಕ್ಕದಲ್ಲಿಟ್ಟು ತೂಗಿ ನೋಡಿದರು. ಸಹಪಾಠಿಗಳ ಪೀಡನೆಗೆ ಒಳಗಾಗಿದ್ದು ಅಮೆರಿಕದ ಒಂದು ಸಮೀಕ್ಷೆಯಲ್ಲಿ ತಂತ್ರಜ್ಞಾನಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಕೆಟ್ಟ ನಂಟು ತೋರಿಸಿತು, ಅದು ನಿರೀಕ್ಷಿತವೇ. ಬ್ರಿಟನ್ನಿನ ಸಮೀಕ್ಷೆಯಲ್ಲಿ ಕನ್ನಡಕ ಹಾಕಿಕೊಳ್ಳುವುದಕ್ಕೂ ಮನಸ್ಸಿನ ಯೋಗಕ್ಷೇಮಕ್ಕೂ ಇರುವ ನಂಟು ತಂತ್ರಜ್ಞಾನದ್ದಕ್ಕಿಂತ ಕೆಟ್ಟದಾಗಿ ಕಾಣಿಸಿತು. ಅಮೆರಿಕದ ಸಮೀಕ್ಷೆಯಲ್ಲಿ ನಿಯಮಿತವಾಗಿ ಆಲೂಗಡ್ಡೆ ತಿನ್ನುವುದರ ನಂಟು ತಂತ್ರಜ್ಞಾನದಷ್ಟೇ ಕೆಟ್ಟದಾಗಿತ್ತು, ಒಂದು ಕೂದಲೆಳೆ ಕಡಿಮೆ.

ಈ ಆಲೂಗಡ್ಡೆಯನ್ನು ಅಷ್ಟು ಬೇಗ ಬಿಡಲು ನನಗೆ ಮನಸ್ಸಿಲ್ಲ. ಯೋಚಿಸಿ ನೋಡಿ, ಬೆಂಗಳೂರಿನಲ್ಲಿ ಬೆಳಗಿನ ಎಂಟು ಗಂಟೆಗೆ ಎಷ್ಟು ಹೋಟೆಲುಗಳ ಕಾವಲಿಯ ಮೇಲೆ ಎಷ್ಟು ಮಸಾಲೆ ದೋಸೆಗಳ ಮಡಿಲಿಗೆ ಆಲೂಗಡ್ಡೆ ಪಲ್ಯ ಬೀಳುತ್ತಿರುತ್ತದೆ; ಮೊಬೈಲು ಮನಸ್ಸನ್ನು ಕೆಡಿಸುತ್ತದೆ ಎಂದು ಈ ಬಗೆಯ ಪುರಾವೆಯಿಂದಲೇ ತೀರ್ಮಾನಿಸುವುದಾದರೆ, ಮಸಾಲೆ ದೋಸೆಗೆ ವಯೋಮಿತಿ ವಿಧಿಸಬೇಕು, ಪೂರಿ ಸಾಗುವಿಗೆ ಪೋಷಕರ ಅನುಮತಿ ಕೇಳಬೇಕು, ಹಾಸನದ ಆಲೂಗಡ್ಡೆ ಬೆಳೆಗಾರರ ಮೇಲೆ ಮೊಕದ್ದಮೆ ಹೂಡಬೇಕು. ಆಲೂಗಡ್ಡೆ ದುಃಖ ತರುತ್ತದೆ ಎಂದು ಯಾರೂ ನಂಬುವುದಿಲ್ಲ. ಹೆಚ್ಚು ಆಲೂಗಡ್ಡೆ ತಿನ್ನುವ ಮನೆಯ ಆದಾಯ, ಊಟದ ಪದ್ಧತಿ, ಅಡುಗೆ ಮಾಡಲು ಆ ಮನೆಯವರಿಗೆ ಸಿಗುವ ಬಿಡುವು, ಇವೆಲ್ಲ ಬೇರೆಯಾಗಿರಬಹುದು ಎಂದು ನಾವು ತಕ್ಷಣವೇ ಹೇಳುತ್ತೇವೆ. ಮೊಬೈಲಿನ ವಿಷಯ ಬಂದಾಗ ಮಾತ್ರ ಆ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. ಬೇಸರದಲ್ಲಿರುವ ಹುಡುಗಿಯೇ ಹೆಚ್ಚು ಹೊತ್ತು ಮೊಬೈಲು ಹಿಡಿಯುತ್ತಿರಬಹುದಲ್ಲವೇ?

ಇದರೊಳಗೆ ಇನ್ನೊಂದು ಸೊಗಸಾದ ಸಂಗತಿಯಿದೆ. ಒಂದೇ ದತ್ತಾಂಶವನ್ನು ಎಷ್ಟು ಬಗೆಯಲ್ಲಿ ವಿಶ್ಲೇಷಿಸಬಹುದು ಎಂದು ಆರ್ಬೆನ್ ಮತ್ತು ಪ್ರಿಬಿಲ್‌ಸ್ಕಿ ಲೆಕ್ಕ ಹಾಕಿದಾಗ, ಬ್ರಿಟನ್ನಿನ ಸಮೀಕ್ಷೆಯೊಂದರಲ್ಲೇ ಸಮರ್ಥಿಸಿಕೊಳ್ಳಬಹುದಾದ ದಾರಿಗಳ ಸಂಖ್ಯೆ 60 ಕೋಟಿಯನ್ನು ದಾಟಿತು. ಮೆಜೆಸ್ಟಿಕ್ಕಿನಿಂದ ಸಿಲ್ಕ್ ಬೋರ್ಡಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಭಾನುವಾರ ಬೆಳಗ್ಗೆ ಆರಕ್ಕೆ ಹೊರಟವರೂ ಸೋಮವಾರ ಸಂಜೆ ಆರಕ್ಕೆ ಹೊರಟವರೂ ತಮ್ಮ ತಮ್ಮ ಸತ್ಯವನ್ನೇ ಹೇಳುತ್ತಾರೆ. ಮೊಬೈಲಿನ ಬಗ್ಗೆ ಬರುವ ಭಯದ ಸುದ್ದಿಗಳೂ ಸಮಾಧಾನದ ಸುದ್ದಿಗಳೂ ಎಷ್ಟೋ ಸಲ ಹೀಗೆಯೇ ಹುಟ್ಟುತ್ತವೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಹೊರಟ ಹೊತ್ತು ಬೇರೆ, ಅಷ್ಟೇ.

[ಪರದೆ: ನಿರೂಪಕ ಆಲೂಗಡ್ಡೆಯನ್ನು ಮೇಜಿನ ಮೇಲಿಡುತ್ತಾನೆ.]

ಇಲ್ಲಿಗೆ ನಿಲ್ಲಿಸಿದರೆ ನಾನೂ ನಿಮ್ಮನ್ನು ದಾರಿ ತಪ್ಪಿಸಿದಂತಾಗುತ್ತದೆ. ಆಲೂಗಡ್ಡೆಯ ಹೋಲಿಕೆಯಲ್ಲಿ ಒಂದು ದೊಡ್ಡ ತೂತಿದೆ, ಮತ್ತು ಅದನ್ನು ಮನಶ್ಶಾಸ್ತ್ರಜ್ಞರಾದ ಜೀನ್ ಟ್ವೆಂಗಿ, ಜೊನಾಥನ್ ಹೈಟ್ ಮುಂತಾದವರು 2020ರಲ್ಲಿ ಎತ್ತಿ ತೋರಿಸಿದರು. ಟಿವಿ, ಗೇಮು, ಕಂಪ್ಯೂಟರು, ಸಾಮಾಜಿಕ ಜಾಲತಾಣ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತೂಗಿದರೆ ಅದರೊಳಗಿನ ಯಾವುದರ ಗುಣವೂ ತಿಳಿಯುವುದಿಲ್ಲ. ಸಾಮಾಜಿಕ ಜಾಲತಾಣವನ್ನು ಮಾತ್ರ ತೆಗೆದುಕೊಂಡು, ಹೆಣ್ಣುಮಕ್ಕಳನ್ನು ಮಾತ್ರ ನೋಡಿದರೆ ನಂಟು ಹೆಚ್ಚು ಬಲವಾಗಿ ಕಾಣುತ್ತದೆ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿದೆ ಎಂದೇ ನನಗೂ ಅನಿಸುತ್ತದೆ. ಅಜ್ಜಿಯೊಂದಿಗೆ ವಿಡಿಯೋ ಕರೆಯಲ್ಲಿ ಕಳೆದ ಅರ್ಧ ಗಂಟೆಯನ್ನೂ, ಗೆಳತಿಯರು ತನ್ನನ್ನು ಬಿಟ್ಟು ನಂದಿ ಬೆಟ್ಟಕ್ಕೆ ಹೋದ ಚಿತ್ರಗಳನ್ನು ನೋಡುತ್ತಾ ಕಳೆದ ಅರ್ಧ ಗಂಟೆಯನ್ನೂ ಫೋನು ಒಂದೇ ಅಂಕಣದಲ್ಲಿ ಕೂಡಿಸಿ ಒಂದು ಗಂಟೆ ಎಂದು ತೋರಿಸುತ್ತದೆ.

ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಲು ಬೇಕಾದ ಸಾಕ್ಷ್ಯವನ್ನು ಫೇಸ್‌ಬುಕ್ ತನಗೆ ಅರಿವಿಲ್ಲದೆಯೇ ಒದಗಿಸಿತ್ತು. 2004ರ ಫೆಬ್ರವರಿಯಲ್ಲಿ ಹಾರ್ವರ್ಡಿನಲ್ಲಿ ಆರಂಭವಾದ ಅದು ಅಮೆರಿಕದ ಎಲ್ಲ ಕಾಲೇಜುಗಳಿಗೆ ಒಂದೇ ದಿನ ಹೋಗಲಿಲ್ಲ, ಒಂದಾದ ಮೇಲೆ ಒಂದರಂತೆ ಹರಡಿತು. ಹೀಗಾಗಿ ಮೊದಲು ಪಡೆದ ಕಾಲೇಜುಗಳನ್ನೂ ಇನ್ನೂ ಪಡೆಯದ ಕಾಲೇಜುಗಳನ್ನೂ ಹೋಲಿಸಲು ಸಾಧ್ಯವಾಯಿತು. 2022ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಆ ಹೋಲಿಕೆಯ ಪ್ರಕಾರ, ಫೇಸ್‌ಬುಕ್ ಬಂದ ನಂತರ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿಯಿತು. ಆ ಕುಸಿತವು ಕೆಲಸ ಕಳೆದುಕೊಂಡವರಲ್ಲಿ ಕಾಣುವ ಕುಸಿತದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚಿತ್ತು. ತಮ್ಮನ್ನು ಇತರರೊಂದಿಗೆ ಹೋಲಿಸಿಕೊಳ್ಳುವುದೇ ಇದರ ಮುಖ್ಯ ಕಾರಣವಾಗಿರಬೇಕೆಂದು ಅವರು ತರ್ಕಿಸುತ್ತಾರೆ. ಆಗ ರೀಲುಗಳಿರಲಿಲ್ಲ, ಲೈಕ್ ಗುಂಡಿಯೂ ಇರಲಿಲ್ಲ ಎಂಬುದನ್ನು ನೆನಪಿಡಿ.

ಇನ್ನೊಂದು ಕಡೆ ನೆದರ್ಲೆಂಡ್ಸಿನ ಸಂಶೋಧಕರು 63 ಹದಿಹರೆಯದವರನ್ನು ಒಂದು ವಾರ, ದಿನಕ್ಕೆ ಆರು ಬಾರಿ ಫೋನಿನಲ್ಲೇ ವಿಚಾರಿಸಿದರು. ಬರಿದೆ ನೋಡುತ್ತಾ ಕುಳಿತಾಗ, ಅಂದರೆ ತಾವೇನೂ ಹಾಕದೆ ಇತರರದ್ದನ್ನು ಸರಿಸುತ್ತಾ ಇದ್ದಾಗ, 46 ಶೇಕಡಾ ಮಕ್ಕಳಿಗೆ ಹಿತವೆನಿಸಿತು, 44 ಶೇಕಡಾ ಮಕ್ಕಳಿಗೆ ಏನೂ ಅನಿಸಲಿಲ್ಲ, 10 ಶೇಕಡಾ ಮಕ್ಕಳಿಗೆ ಕೆಟ್ಟದೆನಿಸಿತು. ಸರಾಸರಿ ತೆಗೆದರೆ ಆ ಹತ್ತು ಶೇಕಡಾ ಮಂದಿ ಲೆಕ್ಕದಿಂದಲೇ ಮಾಯವಾಗುತ್ತಾರೆ. ಆದರೆ ಹನುಮಂತನಗರದ ತಾಯಿಗೆ ತಿಳಿಯಬೇಕಾದದ್ದು ಸರಾಸರಿ ಅಲ್ಲವಲ್ಲ, ತಮ್ಮ ಮಗಳು ಆ ಹತ್ತು ಶೇಕಡಾದಲ್ಲಿ ಇದ್ದಾಳೆಯೇ ಎಂಬುದು.

[ಸಂಕಲನಕಾರರು ಕ್ಯಾಮೆರಾದ ಹಿಂದಿನಿಂದ ಗಡಿಯಾರ ತೋರಿಸುತ್ತಾರೆ.]

ಸಮಯ ಮುಗಿಯುತ್ತಾ ಬಂದಿದೆ, ಎಲ್ಲ ಆಲೂಗಡ್ಡೆಯ ಪಾಲಾಯಿತು. ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 2018ರ ಚುನಾವಣೆಗೆ ಮುನ್ನ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಹಣ ಪಡೆದು ನಾಲ್ಕು ವಾರ ಫೇಸ್‌ಬುಕ್ ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ನೆಮ್ಮದಿ ಸ್ವಲ್ಪ ಹೆಚ್ಚಿತು, ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು. ಮಲಗುವ ಮುನ್ನ ನಾಲ್ಕು ಗಂಟೆ ಬೆಳಕು ಸೂಸುವ ಪರದೆಯಲ್ಲಿ ಪುಸ್ತಕ ಓದಿದ 12 ಮಂದಿಗೆ ನಿದ್ದೆ ಬರಲು ಹೆಚ್ಚುವರಿ ಬೇಕಾದದ್ದು ಸುಮಾರು ಹತ್ತು ನಿಮಿಷ ಎಂದು 2015ರ ಅಧ್ಯಯನ ಹೇಳುತ್ತದೆ. ನೀಲಿ ಬೆಳಕಿನ ಕನ್ನಡಕ ಮಾರುವವರು ಇದನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ. ಹನ್ನೊಂದಕ್ಕೆ ಮಲಗುವ ಬದಲು ರಾತ್ರಿ ಒಂದರವರೆಗೆ ಎಚ್ಚರವಾಗಿದ್ದರೆ ಬೆಳಕಿಗಿಂತ ಆ ಎರಡು ಗಂಟೆಯ ನಿದ್ದೆಯೇ ದೊಡ್ಡ ನಷ್ಟ ಎಂಬುದು ನನ್ನ ಅಭಿಪ್ರಾಯ. ಇನ್ನು ಗೇಮಿಂಗ್ ವ್ಯಾಧಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ, ಆದರೆ ಅಲ್ಲಿಯೂ ಗಂಟೆಗಳ ಲೆಕ್ಕವಿಲ್ಲ. ಹಿಡಿತ ತಪ್ಪಿದೆಯೇ, ಓದು, ಊಟ, ಸಂಬಂಧಗಳಿಗಿಂತ ಆಟವೇ ಮೇಲಾಗಿದೆಯೇ, ಹಾನಿ ಕಂಡ ಮೇಲೂ ಅದು ನಿಲ್ಲುತ್ತಿಲ್ಲವೇ ಎಂದಷ್ಟೇ ಅದು ಕೇಳುತ್ತದೆ. ಅಂಥ ಸ್ಥಿತಿ ಕಂಡರೆ ನಮ್ಮ ಊರಿನ ನಿಮ್ಹಾನ್ಸ್ 2014ರಿಂದಲೇ ತಂತ್ರಜ್ಞಾನವನ್ನು ಆರೋಗ್ಯಕರವಾಗಿ ಬಳಸಲು ನೆರವಾಗುವ ಷಟ್ ಕ್ಲಿನಿಕ್ ನಡೆಸುತ್ತಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು.

[ಪರದೆಯ ಮೇಲೆ: 14416]

ಆ ತಾಯಿಗೆ ನಾನು ಸಂಖ್ಯೆಯನ್ನು ಕಳುಹಿಸಲಿಲ್ಲ. ನಾಲ್ಕು ಗಂಟೆ ಎಂಬುದು ಅವರ ಅಂದಾಜೋ ಫೋನಿನ ಲೆಕ್ಕವೋ ಎಂದು ಕೇಳಿದೆ, ಏಕೆಂದರೆ 2021ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನರು ತಮ್ಮದೇ ಬಳಕೆಯ ಬಗ್ಗೆ ಹೇಳಿದ ಅಂದಾಜುಗಳಲ್ಲಿ ನಿಜಕ್ಕೆ ಹತ್ತಿರವಿದ್ದವು ಹತ್ತರಲ್ಲಿ ಒಂದಕ್ಕೂ ಕಡಿಮೆ. ಮಗಳ ಜೊತೆ ಕುಳಿತು ಇಬ್ಬರ ಫೋನುಗಳನ್ನೂ ತೆರೆದು, ಯಾವ ಆ್ಯಪ್, ಯಾವ ಹೊತ್ತಿನಲ್ಲಿ ಎಂದು ನೋಡಿ ಎಂದು ಬರೆದೆ. ಎರಡು ದಿನಗಳ ನಂತರ ಉತ್ತರ ಬಂದಿತು. ಮಗಳ ನಾಲ್ಕು ಗಂಟೆಯಲ್ಲಿ ಹೆಚ್ಚಿನದು ಆನ್‌ಲೈನ್ ಟ್ಯೂಷನ್ನಿನ ವಿಡಿಯೋಗಳಂತೆ. ಮಾತು ಕಡಿಮೆಯಾದದ್ದು ಹಳೆಯ ಶಾಲೆಯ ಗೆಳತಿಯರೆಲ್ಲ ಬೇರೆ ಕಾಲೇಜಿಗೆ ಸೇರಿದ ಮೇಲಂತೆ. ರಾತ್ರಿ ಹನ್ನೊಂದರ ನಂತರದ ರೀಲುಗಳ ಲೆಕ್ಕ ಮಾತ್ರ ದೊಡ್ಡದಾಗಿಯೇ ಇತ್ತು, ಆದರೆ ಅದು ತಾಯಿಯ ಫೋನಿನಲ್ಲಿತ್ತು. "ದಯವಿಟ್ಟು ನನ್ನ ಹೆಸರು ಹೇಳಬೇಡಿ" ಎಂದು ಕೊನೆಯಲ್ಲಿ ಬರೆದಿದ್ದರು, ಹೇಳಿಲ್ಲ.