ಬಿರುಗಾಳಿ ದಾಟಿ ಹೋದ ಬೆಟ್ಟ

ಕೇಳುಗರೆಲ್ಲರಿಗೂ ನಮಸ್ಕಾರ.

2017ರ ಸೆಪ್ಟೆಂಬರ್ 20ರ ಬೆಳಗ್ಗೆ ಮರಿಯಾ ಎಂಬ ಚಂಡಮಾರುತ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿತು. ಆಗ್ನೇಯ ಮೂಲೆಯ ಯಾಬುಕೋವಾ ಎಂಬ ಊರಿನ ಹತ್ತಿರ ಅದು ನೆಲ ಮುಟ್ಟಿದಾಗ ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ದ್ವೀಪದಲ್ಲಿ ಹೆಚ್ಚೂಕಡಿಮೆ 3,000 ಜನ ಪ್ರಾಣ ಕಳೆದುಕೊಂಡರೆಂದು ಅಲ್ಲಿನ ಸರ್ಕಾರವೇ ಮರುವರ್ಷ ಒಪ್ಪಿಕೊಂಡಿತು. ಆ ದುಃಖ ದೊಡ್ಡದು. ಅದನ್ನು ನೆನೆಯುತ್ತಲೇ ಇವತ್ತು ನಾನು ನಿಮ್ಮನ್ನು ಅದೇ ದ್ವೀಪದ ಈಶಾನ್ಯಕ್ಕಿರುವ ಲುಕೀಯೊ ಬೆಟ್ಟಸಾಲಿಗೆ ಕರೆದುಕೊಂಡು ಹೋಗುತ್ತೇನೆ. ಎಲ್ ಯೂಂಕೆ ಎನ್ನುವ ಮಳೆಕಾಡು ಇರುವುದು ಅಲ್ಲೇ. ಬಿರುಗಾಳಿ ಹಾದುಹೋದ ಮಾರನೆಯ ದಿನ ಆ ಕಾಡಿನಲ್ಲಿ ಹಸಿರು ಬಣ್ಣವೇ ಇರಲಿಲ್ಲ. ಆಕಾಶದಿಂದ ನೋಡಿದರೆ ಬೆಟ್ಟಕ್ಕೆ ಬೆಟ್ಟವೇ ಕಂದು. ಬೆಂಕಿ ಬಿದ್ದಿರಲಿಲ್ಲ, ಮರಗಳ ಮೇಲೆ ಎಲೆಯೇ ಉಳಿದಿರಲಿಲ್ಲ, ಅಷ್ಟೆ.

ಜಗತ್ತಿನಲ್ಲಿ ಚಂಡಮಾರುತಕ್ಕೆ ಸಿಕ್ಕ ಬೆಟ್ಟಗಳು ಬೇಕಾದಷ್ಟಿವೆ. ಇದನ್ನೇ ಯಾಕೆ ಆರಿಸಿಕೊಂಡೆ ಎಂದರೆ, ಬಿರುಗಾಳಿಗೆ ಮೊದಲು ಹೇಗಿತ್ತು, ಆಮೇಲೆ ಏನಾಯಿತು ಎಂದು ಇಷ್ಟು ತಾಳ್ಮೆಯಿಂದ ಅಳೆದು ಬರೆದಿಟ್ಟ ಬೆಟ್ಟ ಇನ್ನೊಂದು ಸಿಗುವುದು ಕಷ್ಟ. ಇಲ್ಲಿ ದೀರ್ಘಕಾಲದ ಪರಿಸರ ಅಧ್ಯಯನವೊಂದು 1988ರಲ್ಲಿ ಶುರುವಾಯಿತು. ಮರುವರ್ಷವೇ, 1989ರ ಸೆಪ್ಟೆಂಬರ್ 18ರಂದು, ಹ್ಯೂಗೋ ಚಂಡಮಾರುತ ಬಂದು ಹೊಡೆಯಿತು. 1998ರಲ್ಲಿ ಜಾರ್ಜಸ್ ಬಂತು, 2017ರಲ್ಲಿ ಮರಿಯಾ. ಒಬ್ಬರ ವೃತ್ತಿಜೀವನದೊಳಗೇ ಮೂರು ಏಟು.

ಹ್ಯೂಗೋ ಬಂದುಹೋದ ಮೇಲೆ ಎಲ್ ವರ್ಡೆ ಎಂಬ ಜಾಗದಲ್ಲಿ ಮರಗಳನ್ನು ಒಂದೊಂದಾಗಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮರಗಳು ಪೂರ್ತಿ ಬೋಳಾಗಿದ್ದವು. ಕೆಲವು ಬುಡಮೇಲಾಗಿದ್ದವು, ಕೆಲವು ನಡುವಿಗೇ ಮುರಿದಿದ್ದವು. ಆದರೆ ಒಂದು ವರ್ಷ ಕಳೆದ ಮೇಲೆ ಲೆಕ್ಕ ಹಾಕಿದಾಗ ನಿಜಕ್ಕೂ ಸತ್ತ ಮರಗಳು ಶೇಕಡಾ 7ರಷ್ಟು ಮಾತ್ರ. ಉಳಿದವು ಮುರಿದ ಕಾಂಡದಿಂದ, ಅಡ್ಡಬಿದ್ದ ಬೊಡ್ಡೆಯಿಂದ ಚಿಗುರಿದ್ದವು. ಬೆಟ್ಟದ ಚೇತರಿಕೆ ಎಂದರೆ ಮೊದಲು ಇದು. ಯಾರೂ ಸಸಿ ತಂದು ನೆಡಲಿಲ್ಲ. ಉಳಿದದ್ದೇ ಮತ್ತೆ ಬೆಳೆಯಿತು.

ಹಾಗೆ ಉಳಿದ ಮರಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಹೆಸರು ತಬೊನೂಕೊ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದವರೆಗಿನ ಕಾಡಿಗೆ ಇದೇ ಯಜಮಾನ. ತೊಗಟೆ ಗಾಯವಾದರೆ ಬಿಳಿ ರಾಳ ಒಸರುತ್ತದೆ, ಘಮಘಮಿಸುವ ರಾಳ. ದ್ವೀಪದವರು ಅದನ್ನು ಪಂಜು ಹಚ್ಚಲು, ಧೂಪ ಹಾಕಲು, ದೋಣಿಯ ಸಂದು ಮುಚ್ಚಲು ಬಳಸುತ್ತಿದ್ದರು. ನಮ್ಮ ಪಶ್ಚಿಮ ಘಟ್ಟದ ರಾಳಧೂಪದ ಮರವೂ ಇದೇ ಸಸ್ಯ ಕುಟುಂಬದ್ದು. ಮಲೆನಾಡಿನವರಿಗೆ ಇದರ ನೆಂಟಸ್ತಿಕೆ ಬೇಗ ಅರ್ಥವಾಗುತ್ತದೆ. ಈ ತಬೊನೂಕೊ ಹೆಚ್ಚಾಗಿ ಬೆಳೆಯುವುದು ಬೆಟ್ಟದ ಏಣಿನಲ್ಲಿ, ಅಂದರೆ ಗಾಳಿ ನೇರವಾಗಿ ಬೀಸುವಲ್ಲಿ. ಅಗೆದು ನೋಡಿದರೆ ಅದರ ಬೇರುಗಳು ನೆಲದೊಳಗಿನ ಬಂಡೆಗಳನ್ನು ತಬ್ಬಿ ಹಿಡಿದಿರುತ್ತವೆ. ಅಷ್ಟೇ ಅಲ್ಲ, ಪಕ್ಕದ ತಬೊನೂಕೊದ ಬೇರಿಗೆ ಇದರ ಬೇರು ಕೂಡಿ ಒಂದಾಗಿ ಬೆಳೆದಿರುತ್ತದೆ. ಮೇಲೆ ಹತ್ತು ಮರ ಕಂಡರೂ ಕೆಳಗೆ ಬೇರು ಒಂದೇ ಮೊತ್ತ. ಹ್ಯೂಗೋದ ಎದುರು ಇಂಥ ಗುಂಪುಗಳು ಒಂಟಿ ಮರಗಳಿಗಿಂತ ಚೆನ್ನಾಗಿ ನಿಂತವು.

ಅಲ್ಲಿನ ಬೆಟ್ಟದ ತಾಳೆ ಜಾತಿಯ ಮರದ ಉಪಾಯ ಬೇರೆ. ಅದು ಹಿಡಿದು ನಿಲ್ಲುವುದಿಲ್ಲ, ಬಾಗುತ್ತದೆ. ಗರಿಗಳನ್ನು ಗಾಳಿಗೆ ಬಿಟ್ಟುಕೊಟ್ಟು ಕಾಂಡ ಉಳಿಸಿಕೊಳ್ಳುತ್ತದೆ. ಸುಳಿಯಿಂದ ಹೊಸ ಗರಿ ಬರುತ್ತದೆ.

ಈಗ ನೆಲಕ್ಕೆ ಬನ್ನಿ. ಹ್ಯೂಗೋ ಒಂದೇ ದಿನದಲ್ಲಿ ಕೆಡವಿದ ಎಲೆ, ರೆಂಬೆಗಳ ರಾಶಿ ಆ ಕಾಡು ಇಡೀ ವರ್ಷದಲ್ಲಿ ಉದುರಿಸುವುದಕ್ಕಿಂತ ಹೆಚ್ಚಿತ್ತು. ಅದರಲ್ಲೂ ಅದು ಹಸಿ ಎಲೆ. ಸಾಮಾನ್ಯವಾಗಿ ಮರ ಎಲೆ ಉದುರಿಸುವ ಮುನ್ನ ಅದರಲ್ಲಿದ್ದ ಸಾರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಿರುಗಾಳಿ ಅದಕ್ಕೆ ಸಮಯ ಕೊಡುವುದಿಲ್ಲ. ಸಾರಜನಕ, ರಂಜಕ ಎಲ್ಲವೂ ಎಲೆಯೊಳಗೇ ಇರುವಾಗ ಕಿತ್ತು ಎಸೆಯುತ್ತದೆ. ಆ ಸಾರ ಮಳೆಯ ಜೊತೆ ಹೊಳೆಗೆ ಹರಿದುಹೋಗಬೇಕಿತ್ತು. ಸ್ವಲ್ಪ ಹೋಯಿತು ಕೂಡ: ತೊರೆಗಳ ನೀರಿನಲ್ಲಿ ನೈಟ್ರೇಟ್ ಏರಿತು. ಆದರೆ ಒಂದೆರಡು ವರ್ಷಗಳಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿಯಿತು. ಹೊಸ ಬೇರು, ಹೊಸ ಚಿಗುರು ಸಾರವನ್ನು ಮತ್ತೆ ಹಿಡಿದುಕೊಂಡವು.

ಇದನ್ನು ಇನ್ನೂ ಬಿಡಿಸಿ ನೋಡಬೇಕು ಎಂದು ಅಲ್ಲಿನ ವಿಜ್ಞಾನಿಗಳು ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಬಿರುಗಾಳಿ ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಮೇಲಿನ ಎಲೆಚಪ್ಪರವನ್ನು ಕಿತ್ತುಹಾಕಿ ಬಿಸಿಲು ಒಳಗೆ ಬಿಡುತ್ತದೆ, ಕೆಳಗೆ ಸೊಪ್ಪಿನ ರಾಶಿ ಹಾಕುತ್ತದೆ. ಕಾಡು ಬದಲಾಗುವುದು ಯಾವುದರಿಂದ? ಇದನ್ನು ತಿಳಿಯಲು ಅವರೇ ಮರ ಹತ್ತಿ ರೆಂಬೆ ಕಡಿದರು. ಕೆಲವು ತುಂಡು ಜಾಗಗಳಲ್ಲಿ ಕಡಿದದ್ದನ್ನು ಅಲ್ಲೇ ಬಿಟ್ಟರು. ಕೆಲವು ಕಡೆ ಕಡಿದು ಸೊಪ್ಪನ್ನೆಲ್ಲ ಹೊತ್ತು ಹೊರಗೆ ಹಾಕಿದರು. ಆ ಸೊಪ್ಪನ್ನು ತೂಕ ಮಾಡಿ, ರೆಂಬೆ ಕಡಿಯದ ಜಾಗಗಳಲ್ಲಿ ಹರಡಿದರು. ಇನ್ನು ಕೆಲವನ್ನು ಹಾಗೆಯೇ ಬಿಟ್ಟರು. ಮಳೆಕಾಡಿನ ಇಳಿಜಾರಿನಲ್ಲಿ ನಿಂತು ಮಾಡಿದ ಕೆಲಸ ಇದು, 2004ರಿಂದ 2005ರವರೆಗೆ. 2014ರಲ್ಲಿ ಮತ್ತೊಮ್ಮೆ ಮಾಡಿದರು. ಗೊತ್ತಾದದ್ದು ಏನೆಂದರೆ, ಹೆಚ್ಚಿನ ಬದಲಾವಣೆಗೆ ಕಾರಣ ಚಪ್ಪರ ತೆರೆದುಕೊಂಡದ್ದು, ಸೊಪ್ಪಿನ ರಾಶಿಯಲ್ಲ.

ಇದಕ್ಕೆ ಒಂದು ಕಾರಣ ತರಗೆಲೆಯ ಅಡಿಯಲ್ಲಿದೆ. ಆ ಕಾಡಿನ ಇಳಿಜಾರಿನಲ್ಲಿ ಒಂದು ಹಿಡಿ ತರಗೆಲೆ ಎತ್ತಲು ಹೋದರೆ ಬಿಡಿಬಿಡಿಯಾಗಿ ಬರುವುದಿಲ್ಲ, ಚಾಪೆಯ ಹಾಗೆ ಎದ್ದುಬರುತ್ತದೆ. ಬಿಳಿ ಶಿಲೀಂಧ್ರದ ಎಳೆಗಳು ಎಲೆಗೆ ಎಲೆಯನ್ನು ಹೊಲಿದಿರುತ್ತವೆ. ಮಳೆ ಸುರಿದರೂ ಎಲೆ ಕೊಚ್ಚಿಹೋಗದಂತೆ, ಮಣ್ಣು ಜಾರದಂತೆ ಹಿಡಿಯುವುದು ಅವು. ಚಪ್ಪರ ತೆರೆದು ಬಿಸಿಲು ಬಿದ್ದರೆ ತರಗು ಒಣಗುತ್ತದೆ, ಆ ಶಿಲೀಂಧ್ರ ಸಾಯುತ್ತದೆ, ಎಲೆ ಕೊಳೆಯುವುದು ನಿಧಾನವಾಗುತ್ತದೆ. ಕಾಡಿನ ಗಾಯ ಎಂದಾಗ ನಾವು ಮುರಿದ ಮರವನ್ನೇ ನೋಡುತ್ತೇವೆ. ನೆಲದ ಈ ಗಾಯ ಕಣ್ಣಿಗೆ ಬೀಳುವುದೇ ಇಲ್ಲ.

ಅದೇ ಬಿಸಿಲು ಇನ್ನೊಬ್ಬರಿಗೆ ಹಬ್ಬ. ಯಗ್ರೂಮೊ ಎಂಬ ಮರವಿದೆ. ಹಸ್ತದಂಥ ದೊಡ್ಡ ಎಲೆ, ಎಲೆಯ ಅಡಿಭಾಗ ಬಿಳಿ, ಒಳಗೆ ಪೊಳ್ಳಾದ ಕಾಂಡ. ಅದರ ಬೀಜಗಳು ಮಣ್ಣಿನಲ್ಲಿ ಕಾಯುತ್ತಾ ಇರುತ್ತವೆ. ಬೆಳಕು ತಾಕಿದೊಡನೆ ಒಟ್ಟಿಗೆ ಮೊಳೆಯುತ್ತವೆ. ಹ್ಯೂಗೋ ಆದ ಮೇಲೆ ಬೆಟ್ಟದ ಮೇಲೆ ಯಗ್ರೂಮೊ ಎದ್ದದ್ದು ನೋಡಿದರೆ ಕಾಡೇ ಬದಲಾಯಿತೇನೋ ಅನ್ನಿಸುವಷ್ಟು. ಬೇಗ ಬೆಳೆದು ನೆರಳು ಕೊಟ್ಟಿತು. ಆ ನೆರಳಿನಲ್ಲೇ ತಬೊನೂಕೊದಂಥ ನಿಧಾನದ ಮರಗಳ ಸಸಿಗಳು ಬಂದವು, ಯಗ್ರೂಮೊ ವರ್ಷ ಕಳೆದಂತೆ ತೆಳುವಾಯಿತು.

ಪ್ರಾಣಿಗಳ ವಿಷಯ ಒಂದೇ ಸಮ ಇಲ್ಲ. ರಾತ್ರಿಯೆಲ್ಲ ಕೂಗುವ ಕೋಕಿ ಕಪ್ಪೆ ದ್ವೀಪದವರ ಪ್ರೀತಿಯ ಜೀವಿ. ಅದಕ್ಕೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಹ್ಯೂಗೋದಲ್ಲಿ ಮರಿಗಳು ಬಹಳ ಸತ್ತವು. ಆದರೆ ಬಿದ್ದ ಸೊಪ್ಪಿನ ರಾಶಿ ಅಡಗಲು ಜಾಗ ಕೊಟ್ಟಿತು, ಆಮೇಲೆ ದೊಡ್ಡ ಕಪ್ಪೆಗಳ ಸಂಖ್ಯೆ ಮೊದಲಿಗಿಂತ ಹೆಚ್ಚಾಯಿತು. ತೊರೆಯ ಸಿಗಡಿಗಳೂ ಹಾಗೆಯೇ. ಬಿಸಿಲಿಗೆ ಪಾಚಿ ಬೆಳೆಯಿತು, ಎಲೆ ಬೇಕಾದಷ್ಟಿತ್ತು, ಅವು ಹೆಚ್ಚಿದವು. ಮರದ ತುದಿಯಲ್ಲಿ ಬದುಕುತ್ತಿದ್ದ ಓತಿಗಳು ಮುರಿದ ರೆಂಬೆಗಳ ಜೊತೆ ನೆಲಕ್ಕೇ ಬಂದು ಸಂಸಾರ ಹೂಡಿದವು. ಹಣ್ಣು, ಮಕರಂದ ನಂಬಿದ ಹಕ್ಕಿಗಳದ್ದು ಮಾತ್ರ ಕಷ್ಟ. ಗಾಳಿಯಿಂದ ಬದುಕಿದವು ಹಸಿವಿಗೆ ಸಿಕ್ಕವು.

ಪೋರ್ಟೊ ರಿಕೊದ ಗಿಣಿಯ ಕಥೆಯನ್ನು ಮಾತ್ರ ಅವಸರದಲ್ಲಿ ಹೇಳಲಾರೆ. ಹಸಿರು ಮೈ, ಹಣೆಯಲ್ಲಿ ಕೆಂಪು; ಇಗ್ವಾಕಾ ಎನ್ನುತ್ತಾರೆ. ಅದು ಇಡೀ ಲೋಕದಲ್ಲಿ ಇರುವುದೇ ಈ ದ್ವೀಪದಲ್ಲಿ. 1975ರಲ್ಲಿ ಕಾಡಿನಲ್ಲಿ ಉಳಿದಿದ್ದದ್ದು 13. ಹ್ಯೂಗೋ ಬರುವ ಹೊತ್ತಿಗೆ 47ರಷ್ಟಾಗಿದ್ದವು, ಬಂದುಹೋದ ಮೇಲೆ ಅರ್ಧಕ್ಕೆ ಇಳಿದವು. ಮತ್ತೆ ಏರಿದವು. ಮರಿಯಾ ಎಲ್ ಯೂಂಕೆಯ ಕಾಡುಗಿಣಿಗಳನ್ನು ಹೆಚ್ಚೂಕಡಿಮೆ ಒರೆಸಿಯೇ ಹಾಕಿತು. ವಂಶ ಉಳಿದದ್ದು ಪಂಜರದಲ್ಲಿ ಸಾಕಿ ಬೆಳೆಸುತ್ತಿದ್ದವರಿಂದ, ಮತ್ತು ದ್ವೀಪದ ಪಶ್ಚಿಮಕ್ಕಿರುವ ರಿಯೊ ಅಬಾಹೊ ಕಾಡಿನ ಇನ್ನೊಂದು ಗುಂಪಿನಿಂದ. 2020ರಲ್ಲಿ ಎಲ್ ಯೂಂಕೆಗೆ ಮತ್ತೆ ಗಿಣಿ ಬಿಟ್ಟರು. ಈ ಹಕ್ಕಿ ಗೂಡು ಮಾಡುವುದು ಪಾಲೊ ಕೊಲೊರಾಡೊ ಎಂಬ ಮರದ ಹಳೆಯ ಪೊಟರೆಯಲ್ಲಿ. ಆ ಮರ ನೂರಾರು ವರ್ಷ ಬದುಕುವಂಥದ್ದು. ಗಿಣಿಯನ್ನು ನಾವು ಸಾಕಬಹುದು, ಅಂಥ ಪೊಟರೆಯನ್ನು ಬೆಳೆಸಲಾರೆವು. ಮರದ ಡಬ್ಬಿ ಮಾಡಿ ಕಟ್ಟಬೇಕಾಗುತ್ತದೆ, ಕಟ್ಟುತ್ತಿದ್ದಾರೆ.

ಬೆಟ್ಟ ಎಲ್ಲ ಕಡೆ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ಕೆಳಗಿನ ಕಾಡಿಗೆ ವಾರಗಳಲ್ಲಿ ಚಿಗುರು ಬರುತ್ತದೆ. ತುದಿಯಲ್ಲಿ, ಸಾವಿರ ಮೀಟರ್ ಹತ್ತಿರ, ಮೋಡದೊಳಗೇ ಬದುಕುವ ಕುಳ್ಳ ಮರಗಳ ಕಾಡಿದೆ. ಹಾವಸೆ ಕಟ್ಟಿದ ಕಾಂಡ, ಸದಾ ನೆನೆದ ಮಣ್ಣು. ಅಲ್ಲಿ ಎಲ್ಲವೂ ನಿಧಾನ. ಹ್ಯೂಗೋ ಎಲೆ ಕಿತ್ತ ಮೇಲೆ ಬಿಸಿಯಾದ ಇಳಿಜಾರಿನಿಂದಾಗಿ ಮೋಡದ ಅಡಿಮಟ್ಟವೇ ಕೆಲವು ತಿಂಗಳು ಮೇಲಕ್ಕೆ ಸರಿದಿತ್ತು. ಎಲೆ ಮರಳಿದ ಮೇಲೆಯೇ ಮೋಡವೂ ಇಳಿಯಿತು.

ಇನ್ನು ಗುಡ್ಡ ಕುಸಿದ ಜಾಗ. ಮರಿಯಾದ ಮಳೆಗೆ ದ್ವೀಪದಾದ್ಯಂತ 70 ಸಾವಿರಕ್ಕೂ ಹೆಚ್ಚು ಕಡೆ ಭೂಕುಸಿತವಾಯಿತು. 2018ರ ಆಗಸ್ಟಿನ ಕೊಡಗನ್ನು ಕಂಡವರಿಗೆ ಅದು ಎಂಥದ್ದೆಂದು ವಿವರಿಸಬೇಕಿಲ್ಲ. ಕುಸಿದಲ್ಲಿ ಬೇರಿಲ್ಲ, ಬೀಜವಿಲ್ಲ, ಮೇಲ್ಮಣ್ಣೇ ಇಲ್ಲ. ಮರಳಿ ಬೆಳೆಯಲು ಉಳಿದದ್ದು ಅಂತ ಏನೂ ಇಲ್ಲ. ಮೊದಲು ಹರಡುವುದು ಹೆಣೆದುಕೊಂಡು ಬೆಳೆಯುವ ಒಂದು ಜರಿಗಿಡ. ಅದರ ದಟ್ಟಣೆಯಲ್ಲಿ ಮರದ ಸಸಿ ಏಳಲಾರದು, ಹಾಗಾಗಿ ಕಾಡು ಬರುವುದು ತಡವಾಗುತ್ತದೆ. ಆದರೆ ಉಳಿದಷ್ಟು ಮಣ್ಣನ್ನು ಹಿಡಿದಿಟ್ಟುಕೊಳ್ಳುವುದೂ ಅದೇ. ಕಿತ್ತುಹಾಕುವ ಕೈ ಒಮ್ಮೆ ಯೋಚಿಸಬೇಕು.

ಮನುಷ್ಯನ ಗುರುತಂತೂ ಗಾಳಿಯ ಗುರುತಿಗಿಂತ ಗಟ್ಟಿ. 1990ರಲ್ಲಿ ಅಲ್ಲಿ 16 ಹೆಕ್ಟೇರ್ ಕಾಡನ್ನು ಗುರುತು ಮಾಡಿ ಪ್ರತಿ ಮರಕ್ಕೂ ಸಂಖ್ಯೆ ಹಾಕಿದರು. 1934ಕ್ಕೂ ಮೊದಲು ಕಡಿದು, ಬೇಸಾಯ ಮಾಡಿ ಬಿಟ್ಟಿದ್ದ ಭಾಗದಲ್ಲಿ ಮರಗಳ ಜಾತಿಯೇ ಬೇರೆಯಾಗಿತ್ತು. ಆರು ದಶಕ, ನಡುವೆ ಹ್ಯೂಗೋ, ಇಷ್ಟಾದರೂ ಹಳೆಯ ಗದ್ದೆ, ತೋಟದ ಗೆರೆ ಅಳಿಸಿರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮರಿಯಾದ ಲೆಕ್ಕ. ಹಿಂದಿನ ದೊಡ್ಡ ಬಿರುಗಾಳಿಗಳಿಗೆ ಹೋಲಿಸಿದರೆ ಅದು ಎರಡು ಪಟ್ಟು ಮರ ಕೊಂದಿತು, ಮೂರು ಪಟ್ಟು ಕಾಂಡ ಮುರಿಯಿತು. ಗಟ್ಟಿ ಮರವಾದ, ಬೇರು ಕೂಡಿಸಿ ನಿಲ್ಲುತ್ತಿದ್ದ ತಬೊನೂಕೊವೇ ಈ ಸಲ ನಡುವಿಗೆ ಮುರಿಯಿತು. ತಾಳೆ ಮಾತ್ರ ಎಂದಿನಂತೆ ಬಾಗಿ ಉಳಿಯಿತು. ಈ ಬೆಟ್ಟದ ಮೇಲೆ ನೇರವಾಗಿ ದೊಡ್ಡ ಚಂಡಮಾರುತ ಹಾಯುವುದು ಸುಮಾರು 60 ವರ್ಷಕ್ಕೊಮ್ಮೆ ಎಂಬ ಅಂದಾಜಿತ್ತು. ಕಾಡು ಕಲಿತದ್ದು ಆ ಲಯವನ್ನು. ಸಮುದ್ರ ಬಿಸಿಯಾದಷ್ಟೂ ಗಾಳಿಯ ಬಲ ಹೆಚ್ಚುತ್ತದೆ, ಅದು ಹೊತ್ತು ತರುವ ಮಳೆಯೂ ಹೆಚ್ಚುತ್ತದೆ. ಆಗ ಬೆಟ್ಟ ಹಸಿರಾಗಿಯೇ ಇರುತ್ತದೆ, ತಾಳೆಯ ಹಸಿರು. ಮೇಲಿಂದ ನೋಡಿದವರು ಕಾಡು ಮರಳಿತು ಎಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ಆ 16 ಹೆಕ್ಟೇರಿನ ಮರಗಳ ಎಣಿಕೆ ಬಂದಾಗಲೆಲ್ಲ ನಾನು ಮೊದಲು ಹುಡುಕುವ ಸಂಖ್ಯೆ ಒಂದೇ, ಹೆಬ್ಬೆರಳು ಗಾತ್ರಕ್ಕೆ ಬಂದ ತಬೊನೂಕೊ ಸಸಿಗಳು ಎಷ್ಟು ಎಂಬುದು.

ನಮಸ್ಕಾರ.